ಟೆಕ್ಸಾಸ್: ಸಿಪಿಎಸ್‌ನವರು ಬಂದರೆ ಮನೆಯೊಳಗೆ ಬಿಡಲೇಬೇಕಾ?

ಫ್ರಿಸ್ಕೋ ಅಪ್ಪ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ ಐದು ತಿಂಗಳು. ಹುಟ್ಟಿದಾಗಿನಿಂದ ಸೊಂಟದ ಕೆಳಗೆ ಬೂದುನೀಲಿ ಮಚ್ಚೆ ಇದೆ. ಹೊಸದಾಗಿ ಸೇರಿಸಿದ ಡೇಕೇರ್‌ನಲ್ಲಿ ಡಯಾಪರ್ ಬದಲಿಸುವಾಗ ನೋಡಿ, ಹೊಡೆದ ಗುರುತು ಅಂದುಕೊಂಡಿರಬೇಕು. ನಿನ್ನೆ ಮಕ್ಕಳ ರಕ್ಷಣೆಯ ಸರ್ಕಾರಿ ವಿಭಾಗವಾದ ಸಿಪಿಎಸ್‌ನವರು ಬಾಗಿಲಿಗೆ ಕಾರ್ಡ್ ಸಿಕ್ಕಿಸಿ ಹೋಗಿದ್ದಾರೆ. ಫೋನ್ ಮಾಡಿದರೆ ನಾಳೆ ಬರುತ್ತೇವೆ ಅಂದರು. ಒಳಗೆ ಬಿಡಲೇಬೇಕಾ? ಬಾಣಂತನಕ್ಕೆ ಹಾಸನದಿಂದ ಬಂದ ಅತ್ತೆಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ಅವರನ್ನೇ ಕೇಳಿದರೆ? ನಮ್ಮದು ಎಚ್-1ಬಿ, ಅಂದರೆ ಕೆಲಸದ ವೀಸಾ. ತಲೆ ಕೆಟ್ಟುಹೋಗಿದೆ.

ಪ್ಲೇನೋ ಪ್ಯಾರಾಲೀಗಲ್:
ಮೊದಲು ಒಂದು ಲೋಟ ನೀರು ಕುಡಿಯಿರಿ. ನಾನು ವಕೀಲೆ ಅಲ್ಲ, ಆದರೆ ಇಂಥ ಫೈಲ್‌ಗಳನ್ನೇ ದಿನಾ ನೋಡುತ್ತೇನೆ.

ಬಿಡಲೇಬೇಕು ಅಂತ ಇಲ್ಲ. ನಿಮ್ಮ ಒಪ್ಪಿಗೆ ಇರಬೇಕು, ಇಲ್ಲವೇ ಕೋರ್ಟ್ ಆದೇಶ ಇರಬೇಕು. ಮಗು ಈಗಿಂದೀಗಲೇ ಅಪಾಯದಲ್ಲಿದೆ ಅನ್ನುವಂತಿದ್ದರೆ ಮಾತ್ರ ಬೇರೆ. 2023ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ ಎಚ್‌ಬಿ 730 ಅನ್ನುವ ಕಾನೂನು ಜಾರಿಯಲ್ಲಿದೆ. ತನಿಖೆಗೆ ಬಂದವರು ನಿಮ್ಮ ಹಕ್ಕುಗಳನ್ನು ಬಾಯಲ್ಲೂ ಹೇಳಬೇಕು, ಬರಹದಲ್ಲೂ ಕೊಡಬೇಕು. ವಕೀಲರಿಲ್ಲದೆ ಮಾತಾಡಲ್ಲ ಅನ್ನಬಹುದು. ಮಾತುಕತೆ ರೆಕಾರ್ಡ್ ಮಾಡಬಹುದು. ಮಗುವಿನ ವೈದ್ಯಕೀಯ ದಾಖಲೆಗೆ, ತಪಾಸಣೆಗೆ ಒಪ್ಪದೇ ಇರಬಹುದು. 'ಸೇಫ್ಟಿ ಪ್ಲಾನ್' (ಮಗುವಿನ ಸುರಕ್ಷತೆಗೆ ಹೀಗೆ ಹೀಗೆ ನಡೆದುಕೊಳ್ಳುತ್ತೇವೆ ಅನ್ನುವ ಒಪ್ಪಂದ) ಅಂತ ಕಾಗದ ಮುಂದಿಟ್ಟರೆ, ವಕೀಲರು ಓದುವ ತನಕ ಸಹಿ ಬೇಡವೇ ಬೇಡ. ಜನ ಎಡವುವುದು ಇಲ್ಲೇ. ಗಾಬರಿಯಲ್ಲಿ ಸಹಿ ಹಾಕಿಬಿಡುತ್ತಾರೆ, ಆಮೇಲೆ ಅಪ್ಪನೋ ಅಮ್ಮನೋ ಮನೆಯಿಂದ ಹೊರಗಿರಬೇಕಾಗುತ್ತದೆ.

ದೂರು ಏನು ಅಂತ ಮೊದಲೇ ಕೇಳಿ, ಅದನ್ನು ಅವರು ಹೇಳಲೇಬೇಕು. ಯಾರು ಕೊಟ್ಟರು ಅನ್ನೋದನ್ನು ಹೇಳಲ್ಲ. ಡೇಕೇರ್‌ಗೆ ಹೋಗಿ ಜಗಳ ಆಡಬೇಡಿ, ಅನುಮಾನ ಬಂದರೆ ತಿಳಿಸುವುದು ಅವರ ಕಾನೂನು ಕರ್ತವ್ಯ.

ಹಾಗಂತ ಮುಖಕ್ಕೆ ಬಾಗಿಲು ಹಾಕಬೇಡಿ. ಅವರು ಜಡ್ಜ್ ಹತ್ತಿರ ಆದೇಶ ಕೇಳಬಹುದು, ಆಗ ಮಾತು ಬಿಗಿಯಾಗುತ್ತದೆ. ಮೆಟ್ಟಿಲ ಮೇಲೇ ನಿಂತು, "ವಕೀಲರ ಹತ್ತಿರ ಮಾತಾಡಿ ಸಮಯ ಹೇಳುತ್ತೇವೆ" ಅನ್ನಿ. ನಾನಾಗಿದ್ದರೆ ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗುವನ್ನು ತೋರಿಸುತ್ತಿದ್ದೆ.

ಎರಡು ಮಕ್ಕಳ ಅಮ್ಮ:
ಆ ಮಚ್ಚೆ ನಮ್ಮ ಕಡೆಯ ಮಕ್ಕಳಲ್ಲಿ ತುಂಬಾ ಮಾಮೂಲು, ಇಲ್ಲಿಯ ಎಷ್ಟೋ ಜನ ನೋಡಿಯೇ ಇರಲ್ಲ. ಪೆಟ್ಟಿನ ಕಲೆಯಾದರೆ ಕೆಲವೇ ದಿನದಲ್ಲಿ ಹಸಿರು, ಹಳದಿ ಆಗಿ ಮಾಸುತ್ತದೆ. ಇದು ಅಷ್ಟು ಬೇಗ ಮಾಸಲ್ಲ. ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದಾರಾ ನೋಡಿ. ಮಗುವಿನ ಡಾಕ್ಟರಿಂದ ಇವತ್ತೇ ಒಂದು ಪತ್ರ ತಗೊಳ್ಳಿ. ಮೊದಲ ವಾರದ ಸ್ನಾನದ ಫೋಟೋದಲ್ಲಿ ಮಚ್ಚೆ ಕಾಣುತ್ತಿದ್ದರೆ ಇನ್ನೂ ಒಳ್ಳೆಯದು. ಅದನ್ನು ವಕೀಲರಿಗೆ ಕೊಡಿ. ಸುಮ್ನೆ ಗ್ರೂಪ್‌ಗಳಿಗೆಲ್ಲ ಹಾಕಬೇಡಿ.

ಪ್ಲೇನೋ ಪ್ಯಾರಾಲೀಗಲ್:
ಅತ್ತೆಯವರ ವಿಷಯ ಬಿಟ್ಟುಹೋಗಿತ್ತು. ಕನ್ನಡ ದುಭಾಷಿ ಬೇಕು ಅಂತ ಕೇಳಿ, ಖರ್ಚು ಇಲಾಖೆಯದೇ. ನೀವೇ ಅನುವಾದ ಮಾಡಲು ಹೋಗಬೇಡಿ. "ಎಣ್ಣೆ ಹಚ್ಚಿ ತಿಕ್ಕಿ ನೀರು ಹಾಕ್ತೀನಿ" ಅನ್ನೋದನ್ನು ಅರೆಬರೆ ಇಂಗ್ಲಿಷಿಗೆ ತಿರುಗಿಸಿದರೆ ಏನೇನೋ ಕೇಳಿಸೀತು! ವೀಸಾ: ತನಿಖೆ ಅನ್ನೋದು ಕ್ರಿಮಿನಲ್ ಕೇಸ್ ಅಲ್ಲ. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾದರೆ ಗಡೀಪಾರಿನ ಪ್ರಶ್ನೆ ಬರುತ್ತದೆ. ಪೊಲೀಸರು ಏನಾದರೂ ಕಾಲಿಟ್ಟರೆ ಇಮಿಗ್ರೇಷನ್ ವಕೀಲರನ್ನೂ ಮಾತಾಡಿಸಿ.

ಫ್ರಿಸ್ಕೋ ಅಪ್ಪ:
ತುಂಬಾ ಥ್ಯಾಂಕ್ಸ್ ಅಕ್ಕ. ಡಿಸ್ಚಾರ್ಜ್ ಕಾಗದದಲ್ಲಿ ಮಚ್ಚೆ ಬಗ್ಗೆ ಬರೆದಿದ್ದಾರೆ! ಭೇಟಿ ಗುರುವಾರಕ್ಕೆ ಹೋಯಿತು. ಮತ್ತೆ ಸಾಂಬ್ರಾಣಿ ಹೊಗೆ ಹಾಕ್ತಾರಲ್ಲ, ಅದನ್ನೂ ವಕೀಲರಿಗೆ ಹೇಳಿಡಬೇಕಾ?