ಎಎಚ್‌ಯು ನಿಯಂತ್ರಕಗಳು ಬ್ಯಾಕ್‌ನೆಟ್ ಜಾಲದಿಂದ ಆಗಾಗ ಕಾಣೆಯಾಗುತ್ತಿವೆ

ಪ್ರಶ್ನೆ: ನಮ್ಮ ಕಟ್ಟಡದ ಎಲ್ಲ ಎಎಚ್‌ಯು (ಹವಾನಿಯಂತ್ರಣದ ಗಾಳಿಯನ್ನು ನಿರ್ವಹಿಸುವ ಘಟಕ) ನಿಯಂತ್ರಕಗಳನ್ನು ಒಂದೇ ಆರ್‌ಎಸ್-485 ಕೇಬಲ್‌ನಲ್ಲಿ ಬ್ಯಾಕ್‌ನೆಟ್ ಎಂಎಸ್‌ಟಿಪಿ (ಕಟ್ಟಡದ ಸಾಧನಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವ ಸಂವಹನ ವಿಧಾನ) ಮೂಲಕ ಜೋಡಿಸಲಾಗಿದೆ. ಎಲ್ಲದರ ಬಾಡ್ ದರವೂ (ದತ್ತಾಂಶ ಕಳುಹಿಸುವ ವೇಗ) 38400 ಆಗಿದ್ದರೂ ಕೊನೆಯ ಮಹಡಿಯವು ಆಗಾಗ ಆಫ್‌ಲೈನ್ ಆಗುತ್ತವೆ. ಪರಿಶೀಲನೆಯನ್ನು ಎಲ್ಲಿಂದ ಆರಂಭಿಸಬೇಕು?

ಉತ್ತರ: ದಯವಿಟ್ಟು ಮೊದಲು ಕೇಬಲ್ಲನ್ನೇ ನೋಡಿ. 120 ಓಮ್ ಟರ್ಮಿನೇಷನ್ ರೆಸಿಸ್ಟರ್ (ಸಂಕೇತ ತುದಿಯಿಂದ ಹಿಂದಕ್ಕೆ ಪ್ರತಿಫಲಿಸದಂತೆ ತಡೆಯುವ ರೋಧಕ) ಅದರ ಎರಡು ತುದಿಗಳಲ್ಲಿ ಮಾತ್ರ ಇರಬೇಕು. ನಡುವಿನ ಯಾವುದಾದರೂ ನಿಯಂತ್ರಕದಲ್ಲಿ ಈ ರೆಸಿಸ್ಟರಿನ ಡಿಪ್ ಸ್ವಿಚ್ (ಸರ್ಕ್ಯೂಟ್ ಬೋರ್ಡಿನ ಪುಟ್ಟ ಸ್ವಿಚ್) ಆನ್ ಆಗಿಯೇ ಉಳಿದಿದ್ದರೆ ಸಂಕೇತ ಕುಗ್ಗಿ, ದೂರದ ಸಾಧನಗಳು ಮೊದಲು ತೊಂದರೆಗೆ ಸಿಲುಕುತ್ತವೆ. ಕೇಬಲ್ಲಿಗೆ ಉದ್ದನೆಯ ಕವಲುಗಳೂ ಇರಬಾರದು.

ಮತ್ತೊಂದು ಉತ್ತರ: ತಂತಿ ಸರಿಯಿದ್ದರೆ ವಿಳಾಸಗಳನ್ನು ನೋಡಿ. ಎರಡು ಸಾಧನಗಳಿಗೆ ಒಂದೇ ಮ್ಯಾಕ್ ವಿಳಾಸ (ಕೇಬಲ್ಲಿನಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಇದ್ದರೂ ಸಂಪರ್ಕ ಹೀಗೆಯೇ ಬಿಟ್ಟುಬಿಟ್ಟು ಕಡಿಯುತ್ತದೆ. ಮಾಸ್ಟರ್ ಸಾಧನದ (ತಾನೇ ಸಂದೇಶ ಆರಂಭಿಸಬಲ್ಲ ಸಾಧನ) ವಿಳಾಸ 127ನ್ನು ಮೀರುವಂತಿಲ್ಲ.

ಪ್ರಶ್ನೆ ಕೇಳಿದವರು: ಧನ್ಯವಾದಗಳು, ಡಿಪ್ ಸ್ವಿಚ್‌ಗಳಿಂದಲೇ ಆರಂಭಿಸುತ್ತೇವೆ.