ಕಾರಿನಲ್ಲಿ ಯಾವಾಗಲೂ ಇರಬೇಕಾದ ಬ್ಯಾಗಿಗೆ ಏನೇನು ತುಂಬಲಿ?

ಕುವೆಂಪುನಗರದಿಂದ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಒಂದು ಭಾನುವಾರ ವಯನಾಡಿನಿಂದ ಮೈಸೂರಿಗೆ ವಾಪಸ್ ಬರುತ್ತಿದ್ದೆವು. ನಾನು, ನಮ್ಮ ಯಜಮಾನರು, ಎಂಟು ವರ್ಷದ ಮಗಳು, ಅತ್ತೆ. ಸುಲ್ತಾನ್ ಬತ್ತೇರಿ ಇನ್ನೂ ಸ್ವಲ್ಪ ದೂರ ಇದ್ದಾಗ ಟೈರ್ ಪಂಕ್ಚರ್ ಆಯಿತು. ಮಳೆ ಬೇರೆ. ಜಾಕಿ ಡಿಕ್ಕಿಯಲ್ಲಿ ಎಲ್ಲ ಸಾಮಾನಿನ ಕೆಳಗಿತ್ತು. ಮೊಬೈಲ್ ಬೆಳಕಿನಲ್ಲಿ ಸ್ಟೆಪ್ನಿ ಹಾಕುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಬಂಡೀಪುರದ ಕಾಡು ಶುರುವಾಗುವ ಮುಂಚಿನ ಗೇಟಿಗೆ ಬಂದಾಗ ಒಂಬತ್ತು ಗಂಟೆ ಹತ್ತು ನಿಮಿಷ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ರಸ್ತೆ ಮುಚ್ಚಿರುತ್ತದೆ ಅಂತ ನಮಗೆ ಗೊತ್ತಿತ್ತು. ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯಬಾರದು ಅಂತ 2009ರಲ್ಲಿ ಬಂದ ನಿಯಮ ಅದು. ನನಗೆ ಅದರ ಬಗ್ಗೆ ಯಾವ ತಕರಾರೂ ಇಲ್ಲ. ತಡ ಮಾಡಿದ್ದು ನಾವು.

ಹಿಂದಕ್ಕೆ ಹೋಗಿ ಲಾಡ್ಜ್ ಹುಡುಕೋಣ ಅಂದರೆ ಸ್ಟೆಪ್ನಿಯಲ್ಲೂ ಗಾಳಿ ಕಡಿಮೆ ಇತ್ತು. ಯಜಮಾನರಿಗೆ ಧೈರ್ಯ ಬರಲಿಲ್ಲ. ಲಾರಿಗಳ ಸಾಲಿನ ಹಿಂದೆ ಕಾರು ನಿಲ್ಲಿಸಿ ಬೆಳಗಿನವರೆಗೆ ಕೂತೆವು. ನಾಲ್ಕು ಜನಕ್ಕೆ ಅರ್ಧ ಬಾಟಲಿ ನೀರು. ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಮನೆಯಲ್ಲೇ ಉಳಿದಿತ್ತು. ಮಗಳ ಬಟ್ಟೆ ಒದ್ದೆ. ನನ್ನ ಮೊಬೈಲ್ ಹತ್ತೂವರೆಗೇ ಸತ್ತುಹೋಯಿತು. ಎಲ್ಲಕ್ಕಿಂತ ಸಂಕಟ ಆಗಿದ್ದು ಬೇರೆ. ಮೂತ್ರಕ್ಕೆ ಹೋಗಲು ಮರೆಯಿಲ್ಲ, ಕತ್ತಲೆ, ಸುತ್ತ ಗಂಡಸರು. ಹೋಗಬೇಕಾಗುತ್ತದೆ ಅಂತ ಅತ್ತೆ ಇದ್ದ ನೀರನ್ನೂ ಕುಡಿಯಲಿಲ್ಲ. ಮುಂದಿನ ಲಾರಿಯ ಡ್ರೈವರ್ ಅಣ್ಣ ಮಗಳಿಗೆ ಕಂಬಳಿ ಕೊಟ್ಟರು, ಬನ್ನು ಕೊಟ್ಟರು. ಅವರನ್ನು ನಾನು ಮರೆಯುವುದಿಲ್ಲ.

ಈಗ ಕಾರಿನಲ್ಲೇ ಇರುವಂಥ ಒಂದು ಬ್ಯಾಗ್ ಮಾಡಬೇಕು ಅಂತ ಇದ್ದೇನೆ. ರಜೆಯಲ್ಲಿ ಟೆಂಟ್ ಹಾಕಲು ಹೋದಾಗಲೂ ಅದೇ ಆಗಬೇಕು. ಮುತ್ತತ್ತಿ ಕಡೆ ಹೊಳೆ ದಂಡೆಯಲ್ಲಿ ಮಲಗಬೇಕು ಅಂತ ಮಗಳ ಹಠ. ಆನ್‌ಲೈನ್‌ನಲ್ಲಿ ರೆಡಿ ಕಿಟ್ ನೋಡಿದೆ. ದಿಕ್ಸೂಚಿ ಇದೆ, ಸೀಟಿ ಇದೆ, ಮಡಚುವ ಗರಗಸ ಇದೆ. ಆ ರಾತ್ರಿ ನಮಗೆ ಬೇಕಾಗಿದ್ದ ಒಂದೂ ಇಲ್ಲ. ನಮ್ಮದು ಚಿಕ್ಕ ಕಾರು, ಡಿಕ್ಕಿಯೂ ಚಿಕ್ಕದು. ನಿಮ್ಮ ಗಾಡಿಯಲ್ಲಿ ನಿಜವಾಗಿ ಏನಿದೆ ಅಂತ ಹೇಳಿ.

ಪಾಂಡವಪುರದ ಟೆಂಪೋ:

ಅಕ್ಕ, ನಾನು ಹದಿನಾಲ್ಕು ವರ್ಷದಿಂದ ಬೆಲ್ಲದ ಲೋಡ್ ಹೊಡೆಯುತ್ತಿದ್ದೇನೆ. ಆಲೆಮನೆಯಿಂದ ಮಂಡ್ಯಕ್ಕೆ, ಕೆಲವು ಸಲ ಕೇರಳಕ್ಕೆ. ಆ ಗೇಟಿನಲ್ಲಿ ಎಷ್ಟು ರಾತ್ರಿ ಮಲಗಿದ್ದೇನೋ ಲೆಕ್ಕ ಇಟ್ಟಿಲ್ಲ. ನಿಮ್ಮ ಕಷ್ಟ ಓದಿ ನಮ್ಮ ಮನೆಯವರಿಗೂ ಓದಿ ಹೇಳಿದೆ.

ಬ್ಯಾಗಿನ ವಿಷಯಕ್ಕೆ ಮುಂಚೆ ಇನ್ನೊಂದು ಹೇಳಬೇಕು. ಎರಡು ನಿಮಿಷದಲ್ಲಿ ಕೈಗೆ ಬೇಕಾಗುವ ಸಾಮಾನನ್ನು ಬ್ಯಾಗಿಗೆ ಹಾಕಲೇಬೇಡಿ. ನಮ್ಮ ಕಡೆ ವಿ.ಸಿ. ನಾಲೆ (ವಿಶ್ವೇಶ್ವರಯ್ಯ ನಾಲೆ) ಎಷ್ಟೋ ದೂರ ರಸ್ತೆಯ ಪಕ್ಕದಲ್ಲೇ ಹರಿಯುತ್ತದೆ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ಸ್ಕೂಲು ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅವತ್ತಿನಿಂದ ನನ್ನ ಸೀಟಿನ ಪಕ್ಕದಲ್ಲಿ ಗಾಜು ಒಡೆಯುವ ಚಿಕ್ಕ ಸುತ್ತಿಗೆ ಇದೆ. ಅದರಲ್ಲೇ ಸೀಟ್ ಬೆಲ್ಟ್ ಕತ್ತರಿಸುವ ಬ್ಲೇಡೂ ಇರುತ್ತದೆ. ಡಿಕ್ಕಿಯಲ್ಲಿಟ್ಟರೆ ಅದು ಇದ್ದೂ ಇಲ್ಲದ ಹಾಗೆ. ಮುಂದಿನ ಗಾಜಿಗೆ ಹೊಡೆಯಬೇಡಿ. ಅದರ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ, ಬಿರುಕು ಬಿಡುತ್ತದೆ, ಬೀಳುವುದಿಲ್ಲ. ಪಕ್ಕದ ಕಿಟಕಿಯ ಮೂಲೆಗೆ ಹೊಡೆಯಬೇಕು. ಗಾಡಿ ನೀರಿಗೆ ಬಿದ್ದರೆ ಮೊದಲು ಬೆಲ್ಟ್ ಬಿಚ್ಚಿ. ಆಮೇಲೆ ಕಿಟಕಿ ಇಳಿಸಿ. ಇಳಿಯದಿದ್ದರೆ ಸುತ್ತಿಗೆ. ಬಾಗಿಲ ಜೊತೆ ಒದ್ದಾಡುತ್ತಾ ಕೂರಬೇಡಿ, ಹೊರಗಿನ ನೀರು ಅದನ್ನು ತೆಗೆಯಲು ಬಿಡುವುದಿಲ್ಲ. ಮಗಳನ್ನು ಮೊದಲು ಹೊರಗೆ ಕಳಿಸಿ. ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದು ಸಲ ಹೇಳಿಸಿ.

ಟಾರ್ಚ್, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್, ಹಿಂದಿನ ಗಾಡಿಗಳಿಗೆ ಎಚ್ಚರಿಕೆ ಕೊಡುವ ಕೆಂಪು ತ್ರಿಕೋನ ಇವೂ ಸೀಟಿನ ಕೆಳಗೆ. ತ್ರಿಕೋನವನ್ನು ಗಾಡಿಯ ಹಿಂದೆ 50 ಮೀಟರ್ ದೂರಕ್ಕೆ ತೆಗೆದುಕೊಂಡು ಹೋಗಿ ಇಡಿ, ಅಂದರೆ ಸುಮಾರು ಎಪ್ಪತ್ತು ಹೆಜ್ಜೆ. ಬೆಂಗಳೂರು ಹೈವೇಯಲ್ಲಿ ಇನ್ನೂ ದೂರ. ಅಲ್ಲಿ ಗಾಡಿ ಕೆಟ್ಟು ನಿಂತರೆ ಮನೆಯವರನ್ನು ಒಳಗೆ ಕೂರಿಸಬೇಡಿ. ತಡೆಕಂಬಿಯ ಆಚೆ ನಿಲ್ಲಿಸಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಕಾಡಿನ ರಸ್ತೆಯಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಒಳಗೇ ಇರಿ, ಹಾರ್ನ್ ಹೊಡೆಯಬೇಡಿ.

ಈಗ ಬ್ಯಾಗ್. ಮಗಳ ಹಳೆಯ ಸ್ಕೂಲ್ ಬ್ಯಾಗ್ ಸಾಕು. ಹೊಸದಕ್ಕೆ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಸಿಗರೇಟ್ ಚಾರ್ಜರ್ ಪಾಯಿಂಟಿಗೆ ಹಾಕುವ ಗಾಳಿ ಪಂಪ್ ತೆಗೆದುಕೊಳ್ಳಿ. ನಿಮ್ಮ ಆ ರಾತ್ರಿಯ ಕಥೆಯಲ್ಲಿ ನಿಜವಾಗಿ ಕೈಕೊಟ್ಟಿದ್ದು ಸ್ಟೆಪ್ನಿ ಗಾಳಿ, ಅಲ್ವಾ? ಬಂಕಿನಲ್ಲಿ ನಾಲ್ಕು ಚಕ್ರಕ್ಕೆ ಗಾಳಿ ಹಿಡಿಸಿ ಐದನೆಯದನ್ನು ಎಲ್ಲರೂ ಮರೆಯುತ್ತಾರೆ. ಜಾಕಿ, ಸ್ಪ್ಯಾನರ್ ಎರಡನ್ನೂ ಒಂದು ಗೋಣಿಚೀಲದಲ್ಲಿ ಸುತ್ತಿ ಸಾಮಾನಿನ ಮೇಲೆ ಇಡಿ. ಮಳೆಯಲ್ಲಿ ಮಂಡಿಯೂರಲು ಆ ಗೋಣಿಚೀಲವೇ ಬೇಕಾಗುತ್ತದೆ.

ಬಿಸಿಲಲ್ಲಿ ನಿಂತ ಕಾರು ಒಲೆ ಇದ್ದ ಹಾಗೆ. ಬ್ಯಾಗ್ ಹಾಳಾಗುವುದು ಅದರಿಂದಲೇ. ಪವರ್ ಬ್ಯಾಂಕ್ ಕಾರಿನಲ್ಲಿ ಬಿಡಬೇಡಿ, ಉಬ್ಬಿಕೊಳ್ಳುತ್ತದೆ. ಅದನ್ನು ಕಾರಿನ ಕೀ ಜೊತೆ ಮನೆಯಲ್ಲಿ ಇಡಿ, ಹೊರಡುವಾಗ ಎರಡೂ ಒಟ್ಟಿಗೆ ಕೈಗೆ ಬರಲಿ. ಲೈಟರ್, ಗ್ಯಾಸ್ ಡಬ್ಬಿ ಬೇಡವೇ ಬೇಡ. ಬೆಂಕಿಪೊಟ್ಟಣ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರಲಿ. ಟಾರ್ಚಿನ ಸೆಲ್ ಹೊರಗೆ ತೆಗೆದು ಅದರ ಜೊತೆಗೇ ಟೇಪ್ ಸುತ್ತಿ ಇಡಿ, ಒಳಗೆ ಬಿಟ್ಟರೆ ಸೋರಿ ಟಾರ್ಚನ್ನೇ ತಿಂದುಹಾಕುತ್ತದೆ.

ತಿನ್ನಲು ಚಾಕಲೇಟ್ ಇಡಬೇಡಿ, ಕರಗಿ ಅಂಟಾಗುತ್ತದೆ. ಕಡಲೆಕಾಯಿ ಬೀಜ ಬೇಸಿಗೆಯಲ್ಲಿ ತಿಂಗಳೊಳಗೆ ಕಮಟು ವಾಸನೆ ಬರುತ್ತದೆ. ನಾನು ಇಡುವುದು ರಾಗಿ ಹುರಿಹಿಟ್ಟು. ಅದಕ್ಕೆ ಬೆಲ್ಲದ ಪುಡಿ ಬೆರೆಸಿ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿಡುತ್ತೇನೆ. ಒಲೆ ಬೇಡ. ಲೋಟಕ್ಕೆ ನಾಲ್ಕು ಚಮಚ ಹಾಕಿ ನೀರು ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಅಜ್ಜಿಗೂ ನಡೆಯುತ್ತದೆ. ಅಜ್ಜಿಗೆ ಬೆಲ್ಲ ಹಾಕದೆ ಬೇರೆ ಡಬ್ಬಿ ಮಾಡಿ. ಹುರಿಗಡಲೆಯೂ ಚೆನ್ನಾಗಿ ತಡೆಯುತ್ತದೆ. ನೀರು ತಲೆಗೆ ಒಂದು ಲೀಟರ್ ಬಾಟಲಿ. ವಾರಕ್ಕೊಮ್ಮೆ ತುಳಸಿ ಗಿಡಕ್ಕೆ ಸುರಿದು ಹೊಸದು ತುಂಬಿ.

ಹೊದೆಯಲು ಕುರುಬರ ಕಂಬಳಿಯೇ. ಭಾರ ಹೌದು. ಆದರೆ ಉಣ್ಣೆ ಒದ್ದೆಯಾದರೂ ಸ್ವಲ್ಪ ಬೆಚ್ಚಗಿಡುತ್ತದೆ. ಒಂದು ಟಾರ್ಪಾಲು, ಹತ್ತು ಮೀಟರ್ ನೈಲಾನ್ ಹಗ್ಗ, ಇವು ನಿಮಗೆ ಸಂತೆಪೇಟೆಯಲ್ಲಿ ಸಿಗುತ್ತವೆ. ಮನೆಯವರ ನಂಬರ್‌ಗಳನ್ನು ಒಂದು ಕಾಗದದಲ್ಲಿ ಬರೆದಿಡಿ. ಮೊಬೈಲ್ ಸತ್ತರೆ ನಮಗೆ ಯಾರ ನಂಬರೂ ಬಾಯಿಗೆ ಬರುವುದಿಲ್ಲ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ತುರ್ತು ನಂಬರ್ 112 ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಇದ್ದರೆ ಹೋಗುತ್ತದೆ.

ವರ್ಷಕ್ಕೆ ಎರಡು ಸಲ ಬ್ಯಾಗ್ ಪೂರ್ತಿ ಖಾಲಿ ಮಾಡಿ. ನಾನು ಆಯುಧಪೂಜೆಗೆ ಗಾಡಿ ತೊಳೆಯುವಾಗ ಒಂದು ಸಲ, ಯುಗಾದಿಗೆ ಒಂದು ಸಲ ಮಾಡುತ್ತೇನೆ.

ನಿವೃತ್ತ ನರ್ಸ್, ಸರಸ್ವತಿಪುರಂ:

ತಂಗಿ, ನಿಮ್ಮ ಅತ್ತೆಯ ವಿಷಯ ಓದಿ ಭಯವಾಯಿತು. ಸಕ್ಕರೆ ಕಾಯಿಲೆಯವರಿಗೆ ಒಂದು ಹೊತ್ತು ಮಾತ್ರೆ ತಪ್ಪಿದ್ದಕ್ಕಿಂತ, ಮಾತ್ರೆ ತೆಗೆದುಕೊಂಡು ಊಟ ತಪ್ಪುವುದು ಜಾಸ್ತಿ ಅಪಾಯ. ಬೆವರು, ಕೈ ನಡುಕ, ಮಾತು ತೊದಲುವುದು ಕಂಡರೆ ಮೂರು ಚಮಚ ಸಕ್ಕರೆಯನ್ನೋ ಗ್ಲುಕೋಸನ್ನೋ ನೀರಿನಲ್ಲಿ ಕಲಸಿ ಕೊಡಿ. ಹದಿನೈದು ನಿಮಿಷ ನೋಡಿ. ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಗ್ಲುಕೋಸ್ ಪ್ಯಾಕೆಟ್ ಬ್ಯಾಗಿನ ಹೊರಗಿನ ಜೇಬಿನಲ್ಲಿ ಇರಲಿ.

ಮಾತ್ರೆಗಳನ್ನು ಕಾರಿನಲ್ಲಿ ಬಿಡಬೇಡಿ. ಬಿಸಿಗೆ ಕೆಡುತ್ತವೆ. ಇನ್ಸುಲಿನ್ ಆದರಂತೂ ಒಂದು ಮಧ್ಯಾಹ್ನ ಸಾಕು. ಮೂರು ದಿನದ ಮಾತ್ರೆಯನ್ನು ಒಂದು ಚಿಕ್ಕ ಪರ್ಸಿನಲ್ಲಿ ಹಾಕಿ ಆ ಪವರ್ ಬ್ಯಾಂಕ್ ಪಕ್ಕದಲ್ಲೇ ಇಡಿ. ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಇದನ್ನು ಬರೆದ ಚೀಟಿ ಮಾತ್ರ ಸದಾ ಕಾರಿನಲ್ಲಿರಲಿ.

ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು. ಒಂದು ಲೋಟಕ್ಕೆ ಅಂದಾಜಿನಲ್ಲಿ ಸ್ವಲ್ಪ ಸುರಿಯುವುದು ತಪ್ಪು. ಗಾಯಕ್ಕೆ ಗಾಜ್, ಟೇಪು, ಒಗೆದ ಕಾಟನ್ ಬಟ್ಟೆ. ರಕ್ತ ಜಾಸ್ತಿ ಬಂದರೆ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ, ಘಳಿಗೆಗೊಮ್ಮೆ ತೆಗೆದು ನೋಡಬೇಡಿ.

ಹೊಳೆ ದಂಡೆ ಅಂದಿರಿ, ಅದಕ್ಕೆ ಹೇಳುತ್ತೇನೆ. ಹಾವು ಕಚ್ಚಿದರೆ ಹಗ್ಗ ಬಿಗಿದು ಕಟ್ಟಬೇಡಿ. ಕುಯ್ಯುವುದು, ಹೀರುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲ್ಲಾಡದ ಹಾಗೆ ಕಟ್ಟಿಗೆ ಇಟ್ಟು ಸಡಿಲವಾಗಿ ಸುತ್ತಿ, ನಡೆಸದೆ ಹೊತ್ತುಕೊಂಡು ಆಸ್ಪತ್ರೆಗೆ ಹೋಗಿ. ಹಗ್ಗ ಬಿಗಿದು ಕಟ್ಟಿಸಿಕೊಂಡು ಬಂದು ಕಾಲು ಕಳೆದುಕೊಂಡವರನ್ನು ನನ್ನ ಸರ್ವಿಸಿನಲ್ಲಿ ನೋಡಿದ್ದೇನೆ.

ಮಳವಳ್ಳಿಯಿಂದ:

ಮುತ್ತತ್ತಿ ನಮ್ಮ ತಾಲೂಕು, ಅದಕ್ಕೇ ಬರೆಯುತ್ತಿದ್ದೇನೆ. ಹೊಳೆ ದಂಡೆಯಲ್ಲಿ ನಿಮ್ಮಷ್ಟಕ್ಕೆ ಟೆಂಟ್ ಹಾಕಬೇಡಿ ಮೇಡಂ. ಅದು ಕಾವೇರಿ ವನ್ಯಧಾಮದ ಕಾಡು. ಆನೆ ಇದೆ, ನೀರಲ್ಲಿ ಮೊಸಳೆ ಇದೆ, ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟರೆ ಸಂಜೆ ಒಣಗಿದ್ದ ಬಂಡೆ ರಾತ್ರಿ ಕಾಣುವುದಿಲ್ಲ. ಸುಳಿ ಎಲ್ಲಿದೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಭೀಮೇಶ್ವರಿಯಲ್ಲಿ ಜಂಗಲ್ ಲಾಡ್ಜಸ್‌ನವರ ಕ್ಯಾಂಪ್ ಇದೆ, ಮುಂಚೆಯೇ ಬುಕ್ ಮಾಡಿ ಅಲ್ಲಿಗೆ ಹೋಗಿ. ಬೆಲ್ಲ, ಬಾಳೆಹಣ್ಣು ಮಲಗುವ ಜಾಗದಲ್ಲಿ ಇಟ್ಟುಕೊಳ್ಳಬೇಡಿ.

ಟೆಂಟಿನೊಳಗೆ ಒಲೆ, ಕೆಂಡ ಯಾವುದೂ ಬೇಡ. ಕಾರಿನಲ್ಲೂ ಎಲ್ಲ ಗಾಜು ಏರಿಸಿ ಎಂಜಿನ್ ಆನ್ ಇಟ್ಟು ಮಲಗಬಾರದು. ಆ ಹೊಗೆಯಲ್ಲಿ ವಾಸನೆ ಇಲ್ಲದ ವಿಷ ಇರುತ್ತದೆ, ನಿದ್ದೆಯಲ್ಲೇ ಹೋಗುತ್ತಾರೆ.

ವಿಜಯನಗರ ಎರಡನೇ ಹಂತ:

ಇಷ್ಟೆಲ್ಲ ಬೇಕಾ? ಈಗ ಹತ್ತು ಕಿಲೋಮೀಟರಿಗೊಂದು ಅಂಗಡಿ ಇದೆ. ಸುಮ್ನೆ ಭಾರ ಹೊತ್ತು ಪೆಟ್ರೋಲ್ ಯಾಕೆ ಸುಡಬೇಕು? ನನ್ನ ಕಾರಿನಲ್ಲಿ ನೀರು, ಚಾರ್ಜರ್ ಬಿಟ್ಟು ಏನೂ ಇಲ್ಲ, ಯಾವತ್ತೂ ತೊಂದರೆ ಆಗಿಲ್ಲ.

ಪಾಂಡವಪುರದ ಟೆಂಪೋ:

ಒಬ್ಬರೇ ಓಡಾಡಿದರೆ ನಿಮ್ಮ ಮಾತು ಸರಿ ಸಾರ್. ನನಗೂ ಮದುವೆಗೆ ಮುಂಚೆ ಒಂದು ಟವೆಲ್ ಸಾಕಾಗಿತ್ತು. ಮಗು, ವಯಸ್ಸಾದವರು ಜೊತೆಗಿದ್ದರೆ ಲೆಕ್ಕ ಬೇರೆ. ಅಂಗಡಿ ಇದ್ದರೂ ರಾತ್ರಿ ಹತ್ತಕ್ಕೆ ಬಾಗಿಲು ಹಾಕಿರುತ್ತದೆ.

ಕುವೆಂಪುನಗರದಿಂದ:

ಮೂರು ವಾರ ಆಯಿತು, ಏನು ಮಾಡಿದೆ ಅಂತ ಹೇಳಲೇಬೇಕು ಅನ್ನಿಸಿತು. ಸುತ್ತಿಗೆ ಡ್ರೈವರ್ ಬಾಗಿಲಿನ ಜೇಬಿನಲ್ಲಿದೆ. ಬ್ಯಾಗ್ ನೀರು ಬಿಟ್ಟು ಆರೂವರೆ ಕೆಜಿ ಬಂತು. ಅದರಲ್ಲಿ ಕಂಬಳಿಯದ್ದೇ ಹೆಚ್ಚು ಪಾಲು, ಆದರೂ ತೆಗೆಯಲು ಮನಸ್ಸಾಗಲಿಲ್ಲ. ಹುರಿಹಿಟ್ಟನ್ನು ಅತ್ತೆಯೇ ಮಾಡಿಕೊಟ್ಟರು, ಎರಡು ಡಬ್ಬಿ.

ಅತ್ತೆ ಇನ್ನೊಂದು ವಸ್ತು ತಂದು ಇಟ್ಟರು. ಅವರ ಹಳೆಯ ಕಾಟನ್ ಸೀರೆ. ಕಾರಿನ ಮುಂದಿನ, ಹಿಂದಿನ ಬಾಗಿಲು ಎರಡನ್ನೂ ತೆಗೆದು ನಡುವೆ ಸೀರೆ ಇಳಿಬಿಟ್ಟರೆ ಹೆಂಗಸರಿಗೆ ಮರೆ ಆಗುತ್ತದೆ. ಮನೆ ಮುಂದೆಯೇ ಮಾಡಿ ತೋರಿಸಿದರು. ಸಿಕ್ಕಿಸಲು ನಾಲ್ಕು ಬಟ್ಟೆ ಕ್ಲಿಪ್ ಸಾಕು. ಅದೇ ಸೀರೆ ಹೊದೆಯಲೂ ಆಗುತ್ತದೆ, ಗಾಯಕ್ಕೆ ಹರಿಯಲೂ ಆಗುತ್ತದೆ. ಜೊತೆಗೆ ಒಂದು ಚೊಂಬು, ಪ್ಯಾಡು, ಹಳೆ ಪೇಪರ್, ಕವರ್. ಯಾವ ಕಿಟ್‌ನಲ್ಲೂ ಇದನ್ನು ನಾನು ನೋಡಿರಲಿಲ್ಲ.

ಒಂದು ರಾತ್ರಿ ಗೇಟ್ ಲೈಟ್ ಆರಿಸಿ, ಕಾರಿನಲ್ಲಿ ಕೂತು, ಬೇಕಾದದ್ದು ಕೈಗೆ ಸಿಗುತ್ತಾ ಅಂತ ನೋಡಿದೆವು. ಟಾರ್ಚ್ ಸಿಕ್ಕಿತು. ಸೆಲ್ ಹಾಕಲು ಕತ್ತಲಲ್ಲಿ ಟೇಪಿನ ತುದಿಯೇ ಸಿಗಲಿಲ್ಲ! ಈಗ ಟೇಪಿನ ತುದಿ ಮಡಚಿ ಇಟ್ಟಿದ್ದೇನೆ. ಮಗಳ ಜೋಡಿ ಬಟ್ಟೆ ಅವಳಿಗೆ ಆಗಲೇ ಗಿಡ್ಡವಾಗಿತ್ತು, ಬದಲಿಸಿದೆ.

ಭೀಮೇಶ್ವರಿಗೆ ದಸರಾ ರಜೆಯಲ್ಲಿ ಹೋಗುವುದು ಅಂತ ಆಯಿತು. ಅಲ್ಲಿಯವರೆಗೆ ತಡೆಯದೆ ಮಗಳು ಮಾಳಿಗೆಯ ಮೇಲೆ ಟೆಂಟ್ ಹಾಕಿಸಿದಳು. ಗೂಟ ಹೊಡೆಯಲು ಆಗದ್ದಕ್ಕೆ ಹಗ್ಗವನ್ನು ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಿದೆವು. ನಡುರಾತ್ರಿ ಮಳೆ ಬಂತು. ಅಡಿಯಲ್ಲಿ ಹಾಸಿದ್ದ ಟಾರ್ಪಾಲು ಟೆಂಟಿಗಿಂತ ಒಂದು ಗೇಣು ಹೊರಗಿತ್ತು, ಅದರ ಮೇಲೆ ಬಿದ್ದ ನೀರೆಲ್ಲ ಟೆಂಟಿನ ಅಡಿಗೆ ಹರಿದು ಚಾಪೆ ನೆನೆಯಿತು. ಟಾರ್ಪಾಲಿನ ಅಂಚನ್ನು ಟೆಂಟಿನ ಕೆಳಗೆ ಪೂರ್ತಿ ಮಡಚಿ ಹಾಕಬೇಕು ಅಂತ ಈಗ ಗೊತ್ತಾಯಿತು. ಶನಿವಾರ ಮತ್ತೆ ಹಾಕಿ ನೋಡುತ್ತೇವೆ.