ಮೂರು ವಾರದ ಸೈಕಲ್ ರೇಸ್: ಯಾವ ದಿನ ನೋಡಬೇಕು, ಎಲ್ಲಿ ನಿಲ್ಲಬೇಕು?

ಕೇಳಿದ್ದು:

ಕಳೆದ ವರ್ಷ ಟೂರ್ ಡಿ ಫ್ರಾನ್ಸ್‌ನ ಕೊನೆಯ ನಾಲ್ಕು ದಿನಗಳನ್ನು ಆಕಸ್ಮಿಕವಾಗಿ ನೋಡಿದೆ, ಹುಚ್ಚು ಹಿಡಿಯಿತು. ಈ ಸಲ ಮೊದಲ ದಿನದಿಂದಲೇ ಬೆನ್ನು ಹತ್ತಬೇಕೆಂದಿದ್ದೇನೆ. ಆದರೆ 21 ಹಂತ, ದಿನಕ್ಕೆ ನಾಲ್ಕೈದು ಗಂಟೆ; ಕೆಲಸ ಬಿಟ್ಟು ಕೂರಲು ಆಗುವುದಿಲ್ಲ. ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು? ಗೆದ್ದವನು ಒಬ್ಬ, ಹಳದಿ ಅಂಗಿ ಇನ್ನೊಬ್ಬನ ಮೈಮೇಲೆ. ಇದೂ ಸರಿಯಾಗಿ ತಲೆಗೆ ಹೋಗಿಲ್ಲ. ಜುಲೈನಲ್ಲಿ ತಮ್ಮನ ಜೊತೆ ಫ್ರಾನ್ಸ್‌ಗೆ ಹೋದಾಗ ಎರಡು ದಿನ ಬಿಡುವಿದೆ. ರಸ್ತೆ ಬದಿಯಲ್ಲಿ ನಿಂತು ನೋಡಿದವರು ಯಾರಾದರೂ ಇದ್ದರೆ ಹೇಳಿ.

* * *

ಹದಿನಾರು ವರ್ಷಗಳಿಂದ ನೋಡುತ್ತಿದ್ದೇನೆ. ಒಂದು ವರ್ಷವೂ 21 ಹಂತಗಳನ್ನು ಪೂರ್ತಿ ನೋಡಿಲ್ಲ, ನೋಡಿದ್ದೇನೆ ಎನ್ನುವವರನ್ನು ನಂಬುವುದೂ ಇಲ್ಲ.

ಮೊದಲು ಅಂಗಿಯ ವಿಷಯ. ಆ ದಿನದ ಗೆರೆಯನ್ನು ಮೊದಲು ದಾಟಿದವನು ಆ ಹಂತದ ವಿಜೇತ, ಅಷ್ಟೇ. ಹಳದಿ ಅಂಗಿ ಸಿಗುವುದು ಮೊದಲ ದಿನದಿಂದ ಅಂದಿನವರೆಗಿನ ಒಟ್ಟು ಸಮಯ ಯಾರದು ಅತಿ ಕಡಿಮೆಯೋ ಅವನಿಗೆ. ಆದ್ದರಿಂದ ಒಂದೂ ಹಂತ ಗೆಲ್ಲದೆ ಟೂರ್ ಗೆಲ್ಲಬಹುದು. 2017ರಲ್ಲಿ ಕ್ರಿಸ್ ಫ್ರೂಮ್ ಗೆದ್ದದ್ದು ಹಾಗೆಯೇ. ಹಸಿರು ಅಂಗಿ ಅಂಕಗಳಿಗೆ, ಅಂದರೆ ಹೆಚ್ಚಾಗಿ ಸ್ಪ್ರಿಂಟರ್‌ಗಳಿಗೆ. ಬಿಳಿಯ ಮೇಲೆ ಕೆಂಪು ಚುಕ್ಕೆಯದು ಘಟ್ಟ ಹತ್ತುವವನಿಗೆ. ಪೂರ್ತಿ ಬಿಳಿ ಅಂಗಿ ಎಳೆಯರಿಗೆ. ಹಳದಿಯೇ ಏಕೆ ಎಂದು ಎಲ್ಲರೂ ಕೇಳುತ್ತಾರೆ: 1903ರಲ್ಲಿ ಈ ರೇಸ್ ಶುರು ಮಾಡಿದ್ದು ಲೋಟೋ ಎಂಬ ಪತ್ರಿಕೆ, ಅದು ಅಚ್ಚಾಗುತ್ತಿದ್ದುದು ಹಳದಿ ಕಾಗದದ ಮೇಲೆ. ಅಂಗಿ ಬಂದದ್ದು 1919ರಲ್ಲಿ. ಇಟಲಿಯ ಜಿರೋ ರೇಸ್‌ನ ಅಂಗಿ ಗುಲಾಬಿಯಾದದ್ದೂ ಅಲ್ಲಿನ ಪತ್ರಿಕೆಯ ಕಾಗದದ ಬಣ್ಣದಿಂದಲೇ.

ಇನ್ನು ಯಾವ ದಿನ ನೋಡುವುದು. ಪ್ರತಿ ಹಂತದ ಏರುತಗ್ಗಿನ ನಕ್ಷೆ ಮೊದಲೇ ಸಿಗುತ್ತದೆ. ಹಿಂದಿನ ರಾತ್ರಿ ಎರಡು ನಿಮಿಷ ಅದನ್ನು ನೋಡಿ. ಗೆರೆ ಕೊನೆಯಲ್ಲಿ ಗೋಡೆಯಂತೆ ಎದ್ದಿದ್ದರೆ ಆ ದಿನ ಕೊನೆಯ ಎರಡು ಗಂಟೆಗಳನ್ನು ಖಾಲಿ ಇಟ್ಟುಕೊಳ್ಳಿ. ಚಪ್ಪಟೆಯಾಗಿದ್ದರೆ ಕೊನೆಯ ಅರ್ಧ ಗಂಟೆ ಸಾಕು. ಟೈಮ್ ಟ್ರಯಲ್ ಇದ್ದರೆ ಬಿಡಲೇಬೇಡಿ. ಒಬ್ಬೊಬ್ಬನೇ ಗಡಿಯಾರದ ವಿರುದ್ಧ ಓಡಿಸುವುದರಲ್ಲಿ ಏನಿದೆ ಎನ್ನುವವರಿಗೆ 1989ರ ಕಥೆ ಹೇಳುತ್ತೇನೆ. ಕೊನೆಯ ದಿನ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್. ಹಳದಿ ಅಂಗಿಯ ಲೊರಾಂ ಫಿನ್ಯೋಂಗೆ 50 ಸೆಕೆಂಡು ಮುನ್ನಡೆ. ಗ್ರೆಗ್ ಲೆಮಾಂಡ್ ಅದನ್ನು ನುಂಗಿಹಾಕಿ 8 ಸೆಕೆಂಡು ಮಿಗಿಸಿಕೊಂಡರು. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್, ಕೊನೆಗೆ ಎಂಟು ಸೆಕೆಂಡು!

ಪರದೆಯ ಮೂಲೆಯಲ್ಲಿ ಕಾಣುವ ಅಂತರದ ಅಂಕಿಯನ್ನು ಓದುವುದು ಕಲಿತರೆ ಅರ್ಧ ರೇಸ್ ಅರ್ಥವಾದ ಹಾಗೆ. ಬೆಳಿಗ್ಗೆ ನಾಲ್ಕೈದು ಜನ ಗುಂಪು ಬಿಟ್ಟು ಮುಂದೆ ಓಡುತ್ತಾರೆ. ಹಿಂದಿನ ದೊಡ್ಡ ಗುಂಪು, ಅಂದರೆ ಪೆಲೊಟಾನ್, ಹೋಗಲಿ ಎಂದು ಬಿಡುತ್ತದೆ. ಶಾಪಾತ್ ಎಂಬ ಫ್ರೆಂಚ್ ವೀಕ್ಷಕ ವಿವರಣೆಗಾರರ ಹೆಸರಿನಲ್ಲಿ ಒಂದು ಲೆಕ್ಕ ಓಡಾಡುತ್ತದೆ: ದೊಡ್ಡ ಗುಂಪು ಮನಸ್ಸು ಮಾಡಿದರೆ ಹತ್ತು ಕಿಲೋಮೀಟರ್‌ಗೆ ಒಂದು ನಿಮಿಷ ಹಿಂದಿರುಗಿ ಪಡೆಯುತ್ತದೆ. 30 ಕಿಲೋಮೀಟರ್ ಉಳಿದಾಗ ಅಂತರ ಎರಡೂವರೆ ನಿಮಿಷವಿದ್ದರೆ ಮುಂದಿನವರ ಕಥೆ ಮುಗಿಯಿತು ಎಂದುಕೊಳ್ಳಬಹುದು. ನಾಲ್ಕಿದ್ದರೆ ಚಹಾಕ್ಕೆ ಎದ್ದುಹೋಗಬೇಡಿ. ಗಾಳಿಯನ್ನು ಸೀಳುವ ಕೆಲಸವನ್ನು ಹಂಚಿಕೊಳ್ಳುವವರು ಹಿಂದೆ ನೂರು ಜನ, ಮುಂದೆ ನಾಲ್ವರು. ಆದರೂ ವರ್ಷಕ್ಕೆ ಕೆಲವು ಸಲ ಲೆಕ್ಕ ತಪ್ಪುತ್ತದೆ, ಗುಂಪು ಕೊನೆಯ ಕಿಲೋಮೀಟರ್‌ನ ಕೆಂಪು ಪಟದ ಕೆಳಗೆ ಬಂದರೂ ಮುಂದಿನವನು ಸಿಗುವುದಿಲ್ಲ. ನಾನು ಕುರ್ಚಿಯಿಂದ ಎದ್ದು ನಿಲ್ಲುವುದು ಅಂತಹ ದಿನಗಳಲ್ಲಿ ಮಾತ್ರ.

ಇನ್ನೊಂದು ಮಾತು. ಮೊದಲ ದಿನವೇ ನಿಮಗೆಂದು ಒಬ್ಬ ಸವಾರನನ್ನು ಆರಿಸಿಕೊಳ್ಳಿ, ಗೆಲ್ಲುವವನನ್ನಲ್ಲ. ಎಂಟು ಜನರ ತಂಡದಲ್ಲಿ ನಾಯಕ ಒಬ್ಬ, ಉಳಿದವರು ಅವನಿಗಾಗಿ ದುಡಿಯುವವರು. ನಾನು ಒಂದು ವರ್ಷ ಅಂತಹವನೊಬ್ಬನನ್ನೇ ನೋಡುತ್ತಿದ್ದೆ. ಅವನು ಹಿಂದಕ್ಕೆ ಸರಿದು ತಂಡದ ಕಾರಿನ ಕಿಟಕಿಯ ಬಳಿ ಬರುತ್ತಾನೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಒಂದೊಂದೇ ನೀರಿನ ಬಾಟಲಿ ತೆಗೆದುಕೊಂಡು ಬೆನ್ನಿನ ಅಂಗಿಯೊಳಗೆ ತುರುಕುತ್ತಾನೆ. ಆರು, ಏಳು. ಗೂನು ಬಂದವನಂತೆ ಕಾಣುತ್ತಾನೆ. ಆ ಭಾರ ಹೊತ್ತು ಇಡೀ ಗುಂಪನ್ನು ದಾಟಿ ಮುಂದೆ ಹೋಗಿ ಹಂಚುತ್ತಾನೆ. ಸಂಜೆಯ ಪಟ್ಟಿಯಲ್ಲಿ ಅವನದು ನೂರಮೂವತ್ತನೆಯ ಸ್ಥಾನ. ಅವನನ್ನು ಹುಡುಕಿ ಹುಡುಕಿಯೇ ನನಗೆ ಈ ಆಟ ತಿಳಿದದ್ದು.

* * *

ಮೇಲಿನವರ ಮಾತಿನಲ್ಲಿ ಒಂದನ್ನು ಒಪ್ಪುವುದಿಲ್ಲ. ಚಪ್ಪಟೆ ದಿನ ಅರ್ಧ ಗಂಟೆ ಸಾಕು ಎನ್ನುವುದು ಗಾಳಿ ಇಲ್ಲದ ದಿನದ ಮಾತು. ಬದಿಯಿಂದ ಗಾಳಿ ಬೀಸಿದರೆ ಗುಂಪು ಓರೆಯಾಗಿ ಹರಡಿಕೊಳ್ಳುತ್ತದೆ. ರಸ್ತೆಯ ಅಗಲ ತುಂಬಿದ ಮೇಲೆ ಉಳಿದವರಿಗೆ ಆಸರೆ ಇಲ್ಲ, ಸರಪಳಿ ಕಡಿದಂತೆ ತುಂಡಾಗುತ್ತದೆ. 2020ರ ಏಳನೇ ಹಂತ, ಲವೂರ್‌ಗೆ ಹೋಗುವ ದಾರಿ, ದೊಡ್ಡ ಘಟ್ಟವಿಲ್ಲದ ದಿನ: ತಡೆಯ್ ಪೊಗಾಚಾರ್ ಗಾಳಿಗೆ ಸಿಕ್ಕಿ 1 ನಿಮಿಷ 21 ಸೆಕೆಂಡು ಕಳೆದುಕೊಂಡರು. ಹುಡುಗನ ಟೂರ್ ಮುಗಿಯಿತು ಎಂದು ನಾನು ಮನೆಯವರಿಗೆಲ್ಲ ಸಾರಿದ್ದೆ. ಎರಡು ವಾರದ ನಂತರ, ಪ್ಯಾರಿಸ್‌ಗೆ ಒಂದು ದಿನ ಮೊದಲು, ಪ್ಲಾಂಶ್ ದೆ ಬೆಲ್ ಫೀಯ್ ಏರಿನ ಟೈಮ್ ಟ್ರಯಲ್‌ನಲ್ಲಿ ಅವರು ಪ್ರಿಮೋಜ್ ರೋಗ್ಲಿಚ್‌ರ 57 ಸೆಕೆಂಡಿನ ಮುನ್ನಡೆಯನ್ನು ಅಳಿಸಿ ಹಳದಿ ಅಂಗಿ ತೊಟ್ಟರು. ಮನೆಯಲ್ಲಿ ಇಂದಿಗೂ ನನ್ನ ಭವಿಷ್ಯವಾಣಿಯನ್ನು ಕೇಳಿ ನಗುತ್ತಾರೆ.

ಆದ್ದರಿಂದ ನಕ್ಷೆಯ ಜೊತೆಗೆ ಹವಾಮಾನವನ್ನೂ ನೋಡಿ. ಅಷ್ಟೇ ನನ್ನ ತಕರಾರು.

* * *

ರಸ್ತೆ ಬದಿಯ ಪ್ರಶ್ನೆಗೆ ನಾನು ಉತ್ತರಿಸಬಹುದು. ಎರಡು ಸಲ ಹೋಗಿದ್ದೇನೆ. ಮೊದಲನೆಯದು ಪೂರ್ತಿ ದಂಡ.

ಆ ಸಲ ಸಮತಟ್ಟಾದ ರಸ್ತೆಯಲ್ಲಿ, ಸೂರ್ಯಕಾಂತಿ ಹೊಲದ ಪಕ್ಕ, ಚಿತ್ರದಲ್ಲಿ ಕಾಣುವಂತಹ ಜಾಗ ಹುಡುಕಿ ನಿಂತೆವು. ನಾಲ್ಕು ಗಂಟೆ ಕಾದೆವು. ಹೆಲಿಕಾಪ್ಟರ್ ಸದ್ದು ಕೇಳಿದ ಕೂಡಲೇ ನಾನು ಮೊಬೈಲ್ ಎತ್ತಿ ಹಿಡಿದೆ. ಗಂಟೆಗೆ 45 ಕಿಲೋಮೀಟರ್ ವೇಗದ ಗುಂಪು ಬಿರುಗಾಳಿಯಂತೆ ಹಾದುಹೋಯಿತು. ಎಣಿಸಿದರೆ ಇಪ್ಪತ್ತು ಸೆಕೆಂಡು ಇರಬಹುದು. ಆಮೇಲೆ ನೋಡಿದರೆ ವಿಡಿಯೊದಲ್ಲಿ ಇದ್ದದ್ದು ಮುಂದೆ ನಿಂತಿದ್ದ ಅಜ್ಜನ ಮೊಣಕೈ.

ಎರಡನೆಯ ಸಲ, 2019ರಲ್ಲಿ, ಪಿರನೀಸ್‌ನ ಟೂರ್ಮಾಲೆ ಘಟ್ಟಕ್ಕೆ ಹೋದೆವು. 2,115 ಮೀಟರ್ ಎತ್ತರ, ಅಂದಿನ ಹಂತ ಮುಗಿಯುವುದೇ ಘಟ್ಟದ ನೆತ್ತಿಯಲ್ಲಿ. ಒಂದೇ ಮಾತು ಹೇಳುವುದಾದರೆ: ಘಟ್ಟಕ್ಕೆ ಹೋಗಿ, ಕಡಿದಾದ ಜಾಗದಲ್ಲಿ ನಿಲ್ಲಿ. ಅಲ್ಲಿ ಅವರೂ ನಿಧಾನವಾಗುತ್ತಾರೆ, ಒಬ್ಬೊಬ್ಬರಾಗಿ ಚದುರುತ್ತಾರೆ, ಮೊದಲನೆಯವನಿಗೂ ಕೊನೆಯವನಿಗೂ ಅರ್ಧ ಗಂಟೆಯ ಅಂತರವಿರುತ್ತದೆ. ಅಷ್ಟು ಹೊತ್ತೂ ನಿಮಗೆ ರೇಸ್.

ಕಾರಿನಲ್ಲಿ ಹೋಗುತ್ತೇವೆ ಎಂದುಕೊಳ್ಳಬೇಡಿ. ಘಟ್ಟದ ರಸ್ತೆಗಳನ್ನು ಬಹಳ ಬೇಗ ಮುಚ್ಚುತ್ತಾರೆ; ಒಳ್ಳೆಯ ತಿರುವುಗಳಲ್ಲಿ ಹಿಂದಿನ ಎರಡು ದಿನಗಳಿಂದಲೇ ವ್ಯಾನ್ ನಿಲ್ಲಿಸಿಕೊಂಡು ಬೀಡು ಬಿಟ್ಟವರಿರುತ್ತಾರೆ. ನಾವು ಬೆಳಿಗ್ಗೆ ಕೆಳಗಿನ ಊರಿನಲ್ಲಿ ಕಾರು ಬಿಟ್ಟು ಒಂಬತ್ತು ಕಿಲೋಮೀಟರ್ ನಡೆದು ಹತ್ತಿದೆವು. ಬೇಸರವಾಗಲಿಲ್ಲ. ರಸ್ತೆಯ ಉದ್ದಕ್ಕೂ ಸವಾರರ ಹೆಸರುಗಳನ್ನು ಬಿಳಿ ಬಣ್ಣದಲ್ಲಿ ಬರೆದಿರುತ್ತಾರೆ, ಓದುತ್ತ ಹೋಗುವುದೇ ಒಂದು ಆಟ. ಕೆಲವರು ಅಶ್ಲೀಲ ಚಿತ್ರಗಳನ್ನೂ ಬರೆಯುತ್ತಾರೆ. ಅವನ್ನು ಚಿಟ್ಟೆಯೋ ಗೂಬೆಯೋ ಆಗಿ ತಿದ್ದಲೆಂದೇ ಬಣ್ಣದ ಡಬ್ಬಿ ಹಿಡಿದು ರೇಸ್‌ಗಿಂತ ಮುಂದೆ ಹೋಗುವ ಜನರಿದ್ದಾರೆ.

ಸವಾರರು ಬರುವ ಸುಮಾರು ಎರಡು ಗಂಟೆ ಮೊದಲು ಜಾಹೀರಾತಿನ ಮೆರವಣಿಗೆ ಬರುತ್ತದೆ. 1930ರಿಂದ ನಡೆದುಬಂದ ಪದ್ಧತಿ. ವಿಚಿತ್ರ ಆಕಾರದ ವಾಹನಗಳಿಂದ ಟೋಪಿ, ಕೀಚೈನ್, ತಿನಿಸು ಎಸೆಯುತ್ತಾರೆ. ಸಂಭಾವಿತರಂತೆ ಕಾಣುವ ಹಿರಿಯರು ಒಂದು ಚುಕ್ಕೆ ಟೋಪಿಗಾಗಿ ಮಕ್ಕಳ ಜೊತೆ ಕಿತ್ತಾಡುವುದನ್ನು ನೋಡಬೇಕು. ನಾನೂ ಕಿತ್ತಾಡಿದೆ.

ಆಮೇಲೆ ಪೊಲೀಸರ ಮೋಟಾರ್ ಸೈಕಲ್‌ಗಳು, ಕಣಿವೆಯಿಂದ ಮೇಲೇರುವ ಹೆಲಿಕಾಪ್ಟರ್ ಸದ್ದು, ನಿರ್ದೇಶಕರ ಕೆಂಪು ಕಾರು. ಈ ಸಲ ಮೊಬೈಲನ್ನು ಜೇಬಿನಲ್ಲೇ ಬಿಟ್ಟಿದ್ದೆ. ಮುಂದಿನ ಗುಂಪು ಕೈಗೆಟುಕುವಷ್ಟು ಹತ್ತಿರದಲ್ಲಿ ಹೋಯಿತು. ನನಗೆ ನೆನಪಿರುವುದು ಉಸಿರಿನ ಸದ್ದು. ಜನರ ಕೂಗಾಟದ ನಡುವೆಯೂ ಅದು ಕೇಳಿಸಿತು, ಹರಿದ ತಿದಿಯ ಹಾಗೆ. ಕಪ್ಪು ಚಡ್ಡಿಯ ಮೇಲೆ ಬೆವರಿನ ಉಪ್ಪು ಬಿಳಿಯ ಗೆರೆಗಳಾಗಿ ಒಣಗಿತ್ತು. ನಮ್ಮ ಎದುರಿನಲ್ಲೇ ಒಬ್ಬ ಗುಂಪಿನ ಮುಂದಿನಿಂದ ಪಕ್ಕಕ್ಕೆ ಸರಿದ. ನಾಯಕನನ್ನು ಅಷ್ಟು ದೂರ ಎಳೆದು ತಂದವನು, ಅವನ ಕೆಲಸ ಅಲ್ಲಿಗೆ ಮುಗಿದಿತ್ತು. ಒಮ್ಮೆಲೇ ಮುದುಕನಾದವನಂತೆ ಸೈಕಲ್ ತೂರಾಡಿತು, ತಲೆ ಹ್ಯಾಂಡಲ್‌ಗೆ ತಾಗುವಷ್ಟು ಬಾಗಿತು. ಉಳಿದವರು ತಿರುಗಿಯೂ ನೋಡದೆ ಹೋದರು. ಅವನು ಯಾರೋ ಚಾಚಿದ ನೀರನ್ನು ನೆತ್ತಿಗೆ ಸುರಿದುಕೊಂಡು ನಿಧಾನವಾಗಿ ತುಳಿಯತೊಡಗಿದ.

ಆ ದಿನ ಗೆದ್ದವರು ತಿಬೋ ಪಿನೋ. ಫ್ರೆಂಚರು ಹುಚ್ಚೆದ್ದು ಕುಣಿದರು. 1985ರ ಬೆರ್ನಾರ್ ಈನೋ ನಂತರ ಫ್ರೆಂಚನೊಬ್ಬ ಟೂರ್ ಗೆದ್ದಿರಲಿಲ್ಲ. ಆರು ದಿನ ಬಿಟ್ಟು ತೊಡೆಯ ನೋವಿನಿಂದ ಪಿನೋ ಅಳುತ್ತ ಸೈಕಲ್ ಇಳಿದು ಕಾರು ಹತ್ತಿದರು. ಅಂದೇ ಆಲಿಕಲ್ಲು, ಭೂಕುಸಿತ. ಹಂತವನ್ನು ನಡುವೆ ನಿಲ್ಲಿಸಿ, ಇಜೆರಾನ್ ಘಟ್ಟದ ತುದಿಯಲ್ಲಿ ತೆಗೆದ ಸಮಯವನ್ನೇ ಲೆಕ್ಕಕ್ಕೆ ಹಿಡಿದರು. ಹಳದಿ ಅಂಗಿ ಕೊಲಂಬಿಯಾದ ಎಗಾನ್ ಬೆರ್ನಾಲ್ ಪಾಲಾಯಿತು. ಊರಿಗೆ ಮರಳಿದ್ದ ನಾನು ಇದನ್ನೆಲ್ಲ ಫೋನಿನಲ್ಲಿ ನೋಡುತ್ತ, ಮನೆಯವನೊಬ್ಬನಿಗೆ ಹೀಗಾಯಿತೇನೋ ಎಂಬಂತೆ ಕುಳಿತಿದ್ದೆ.

ನಿಮ್ಮ ತಮ್ಮನಿಗೆ ಒಂದು ಎಚ್ಚರಿಕೆ ಹೇಳಿಡಿ: ರೇಸ್‌ಗೆ ಬೆನ್ನು ಹಾಕಿ ಸೆಲ್ಫಿ ಬೇಡ, ಸವಾರರ ಪಕ್ಕ ಓಡುವುದು ಬೇಡ. 2021ರ ಮೊದಲ ದಿನ ಟಿವಿ ಕ್ಯಾಮೆರಾದ ಕಡೆ ಮುಖ ಮಾಡಿ ಅಜ್ಜ ಅಜ್ಜಿಗೆ ಸಂದೇಶ ಬರೆದ ರಟ್ಟು ಹಿಡಿದಿದ್ದ ಒಬ್ಬ ಮಹಿಳೆ ಅರ್ಧ ಗುಂಪನ್ನೇ ನೆಲಕ್ಕೆ ಕೆಡವಿದರು. ನ್ಯಾಯಾಲಯ 1,200 ಯುರೋ ದಂಡ ಹಾಕಿತು.

* * *

ಎಲ್ಲರೂ ಮುಂದಿನವರನ್ನೇ ಹೇಳುತ್ತಿದ್ದೀರಿ. ನಾನು ಪಟ್ಟಿಯನ್ನು ಕೆಳಗಿನಿಂದ ಓದುವವನು. ಕೊನೆಯ ಸ್ಥಾನದವನಿಗೆ ಕೆಂಪು ಲಾಟೀನು ಎಂದು ಹೆಸರು, ರೈಲಿನ ಕೊನೆಯ ಡಬ್ಬಿಗೆ ತೂಗುಹಾಕುತ್ತಿದ್ದ ದೀಪದಿಂದ ಬಂದದ್ದು. ಪ್ರತಿ ಹಂತಕ್ಕೂ ಕಾಲಮಿತಿ ಇದೆ. ಗೆದ್ದವನ ಸಮಯದ ಮೇಲೆ ಇಷ್ಟು ಶೇಕಡ ಎಂದು. ಅದರೊಳಗೆ ಬರದಿದ್ದರೆ ಮನೆಗೆ. ಘಟ್ಟದ ದಿನ ದಪ್ಪ ತೊಡೆಯ ಸ್ಪ್ರಿಂಟರ್‌ಗಳೆಲ್ಲ ಹಿಂದೆ ಒಂದು ಗುಂಪು ಕಟ್ಟಿಕೊಂಡು, ಲೆಕ್ಕ ಹಾಕುತ್ತ, ಒಬ್ಬರನ್ನೊಬ್ಬರು ಎಳೆದುಕೊಂಡು ಬರುತ್ತಾರೆ.

2024ರ ಮೊದಲ ಹಂತದಲ್ಲಿ ಮಾರ್ಕ್ ಕ್ಯಾವೆಂಡಿಶ್ ಬಿಸಿಲಿಗೆ ಸೈಕಲ್ ಮೇಲೆಯೇ ವಾಂತಿ ಮಾಡಿಕೊಂಡು, ಗೆದ್ದವರಿಗಿಂತ ಸುಮಾರು 39 ನಿಮಿಷ ತಡವಾಗಿ ಗೆರೆ ಮುಟ್ಟಿದರು. 39 ವರ್ಷದ ಮನುಷ್ಯ, ಇನ್ನೇಕೆ ಬೇಕು ಇದು ಎಂದುಕೊಂಡೆ. ಐದನೇ ಹಂತವನ್ನು ಗೆದ್ದರು. ಅದು ಅವರ 35ನೇ ಹಂತ ಗೆಲುವು, ಎಡ್ಡಿ ಮರ್ಕ್ಸ್‌ರ 34ರ ದಾಖಲೆ ಹೋಯಿತು. ಮೊದಲ ದಿನ ತಂಡದವರು ಅವರ ಸುತ್ತ ನಿಂತು ಗೆರೆಯವರೆಗೆ ಕರೆತರದಿದ್ದರೆ ಐದನೇ ದಿನವೇ ಇರುತ್ತಿರಲಿಲ್ಲ.

* * *

ಮೂರು ವಾರ ಹೆಚ್ಚಾಯಿತು ಎನಿಸಿದರೆ ಮಹಿಳೆಯರ ಟೂರ್‌ನಿಂದ ಶುರುಮಾಡಿ. 2022ರಿಂದ ಪ್ರತಿ ವರ್ಷ ನಡೆಯುತ್ತಿದೆ, ಎಂಟೊಂಬತ್ತು ದಿನಗಳಲ್ಲಿ ಮುಗಿಯುತ್ತದೆ, ಒಂದು ದಿನವೂ ಜೊಳ್ಳಲ್ಲ. 2024ರಲ್ಲಿ ಹಳದಿ ಅಂಗಿಯಲ್ಲಿದ್ದ ಡೆಮಿ ಫೊಲ್ಲರಿಂಗ್ ಐದನೇ ದಿನ ಬಿದ್ದು ಸಮಯ ಕಳೆದುಕೊಂಡರು. ಕೊನೆಯ ದಿನ, 21 ತಿರುವುಗಳ ಆಲ್ಪ್ ದ್ಯುಯೆಜ್. ಫೊಲ್ಲರಿಂಗ್ ಹಂತ ಗೆದ್ದು ಗೆರೆಯಾಚೆ ಕುಳಿತು ಗಡಿಯಾರ ನೋಡುತ್ತಿದ್ದಾರೆ. ಅಂದಿನಿಂದ ಹಳದಿ ಅಂಗಿ ತೊಟ್ಟಿದ್ದ ಕಾಸಿಯಾ ನೀವ್ಯಾಡೋಮಾ ಇನ್ನೂ ಹತ್ತುತ್ತಿದ್ದಾರೆ. 1 ನಿಮಿಷ 1 ಸೆಕೆಂಡು ತಡವಾಗಿ ಬಂದರು. ಹಂತ ಗೆದ್ದವರಿಗೆ ಸಿಗುವ 10 ಸೆಕೆಂಡು ರಿಯಾಯಿತಿಯನ್ನೂ ಕಳೆದ ಮೇಲೆ ಕಾಸಿಯಾಗೆ ಉಳಿದದ್ದು 4 ಸೆಕೆಂಡು. ಎಂಟು ಸೆಕೆಂಡಿನ ಕಥೆ ಹೇಳಿದವರು ಇದನ್ನು ಬಿಟ್ಟದ್ದು ನನಗೆ ಸ್ವಲ್ಪ ಬೇಸರ ತಂದಿತು.

* * *

ಒಂದು ಕಹಿ ಮಾತನ್ನೂ ಯಾರಾದರೂ ಹೇಳಬೇಕು. ನಾನು 1999ರಿಂದ 2005ರವರೆಗೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಗೆದ್ದ ಏಳೂ ಟೂರ್‌ಗಳನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದವನು. 2012ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಏಳನ್ನೂ ಕಿತ್ತುಕೊಂಡರು, ಬೇರೆ ಯಾರಿಗೂ ಕೊಡಲಿಲ್ಲ. ವಿಜೇತರ ಪಟ್ಟಿಯಲ್ಲಿ ಆ ಸಾಲುಗಳು ಇಂದಿಗೂ ಖಾಲಿ. ನಾಲ್ಕು ವರ್ಷ ನೋಡುವುದನ್ನೇ ಬಿಟ್ಟಿದ್ದೆ. ಈಗ ನೋಡುತ್ತೇನೆ, ಆದರೆ ಯಾರ ಪಟವನ್ನೂ ಗೋಡೆಗೆ ಹಾಕುವುದಿಲ್ಲ.

* * *

ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ಘಟ್ಟವೇ ಎಂದು ನಿಶ್ಚಯಿಸಿದೆವು, ತಮ್ಮ ನಡೆಯಲು ಈಗಲೇ ಗೊಣಗುತ್ತಿದ್ದಾನೆ. ಬುತ್ತಿ, ನೀರು, ಟೋಪಿ ಪಟ್ಟಿಯಲ್ಲಿವೆ. ಮಳೆ ಬಂದರೆ ಕೊಡೆ ಸಾಕೇ?

* * *

ಟೂರ್ಮಾಲೆಗೆ ಹೋಗಿದ್ದವನು ನಾನು. ಕೊಡೆ ಬೇಡ, ಗಾಳಿಗೆ ಹಾರಿ ರಸ್ತೆಗೆ ಬಿದ್ದರೆ ನಿಮ್ಮ ಹೆಸರೂ ದಂಡದ ಸುದ್ದಿಯಲ್ಲಿ ಬರುತ್ತದೆ. ಮಳೆಯಂಗಿ ಇರಲಿ, ಬಿಸಿಲಿದ್ದರೂ ಒಂದು ಸ್ವೆಟರ್ ಇರಲಿ. ಸೂರ್ಯ ಬೆಟ್ಟದ ಹಿಂದೆ ಸರಿದರೆ ಮೇಲೆ ನಡುಕ ಬರುತ್ತದೆ. ಹಿಂದಿನ ಕಾಲದಲ್ಲಿ ಸವಾರರು ಘಟ್ಟದ ತುದಿಯಲ್ಲಿ ಪ್ರೇಕ್ಷಕರಿಂದ ದಿನಪತ್ರಿಕೆ ಕೇಳಿ ಪಡೆದು, ಇಳಿಜಾರಿನ ಚಳಿಗೆ ಎದೆಯ ಮೇಲೆ ಅಂಗಿಯೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಅದನ್ನು ಓದಿದ್ದ ನಾನೂ ಒಂದು ಪತ್ರಿಕೆ ಕೊಂಡು ಹೋಗಿ ಭಕ್ತಿಯಿಂದ ಚಾಚಿ ಹಿಡಿದು ನಿಂತಿದ್ದೆ, ಅಂದು ಇಳಿಜಾರೇ ಇಲ್ಲ ಎಂಬುದನ್ನು ಮರೆತು. ಯಾರೂ ತೆಗೆದುಕೊಳ್ಳಲಿಲ್ಲ. ಸಂಜೆ ಕೆಳಗೆ ನಡೆದು ಬರುವಾಗ ಅದನ್ನು ನಾನೇ ಅಂಗಿಯೊಳಗೆ ಇಟ್ಟುಕೊಂಡೆ.